ಒಂದು ದಿನದ ಗಾಳಿ, ಹನ್ನೊಂದು ತಿಂಗಳ ಕತ್ತಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ತಿಂಗಳು ಈ ಅಂಕಣದಲ್ಲಿ ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. 2017ರ ಸೆಪ್ಟೆಂಬರ್ 20ರ ಬೆಳಿಗ್ಗೆ ಮರಿಯಾ ಚಂಡಮಾರುತ ಬಡಿಯಿತು, ಇಡೀ ದ್ವೀಪದ ಕರೆಂಟ್ ಹೋಯಿತು, ಕೊನೆಯ ಮನೆಗಳಿಗೆ ಕರೆಂಟ್ ಬರುವಾಗ 2018ರ ಆಗಸ್ಟ್ ಆಗಿತ್ತು. ಅಷ್ಟೇ ಹೇಳಿದ್ದೆ. ಅದಕ್ಕೆ ರಾಶಿ ಪತ್ರ ಬಂದಿವೆ, ಕರಾವಳಿಯಿಂದಲೇ ಜಾಸ್ತಿ. ನಾನು ಮೂವತ್ತು ವರ್ಷ ವಿದ್ಯುತ್ ಲೈನ್ ಕೆಲಸದಲ್ಲಿ ಇದ್ದವನು, ಹಾಗಾಗಿ ಈ ವಿಷಯ ಬಂದರೆ ಮಾತು ಉದ್ದವಾಗುತ್ತದೆ. ಈ ಸಲದ ಪುಟ ಪೂರ್ತಿ ಇದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ನಮ್ಮ ಕೇರಿಯಲ್ಲಿ ಏಳು ಕಂಬ ಬಿದ್ದಿದ್ದವು. ನಾಲ್ಕನೇ ದಿನ ಕರೆಂಟ್ ಬಂತು. ಅಮೆರಿಕದ ಕೈಕೆಳಗಿರುವ ದ್ವೀಪಕ್ಕೆ ಹನ್ನೊಂದು ತಿಂಗಳು ಯಾಕೆ ಬೇಕಾಯಿತು? (ಓದುಗರೊಬ್ಬರು, ಕುಮಟಾ)

ಮೊದಲು ಒಂದು ಮಾತು. ತೌಕ್ತೆ ಕರ್ನಾಟಕದ ನೆಲಕ್ಕೆ ಕಾಲಿಡಲೇ ಇಲ್ಲ. ಕಡಲಿನಲ್ಲೇ ಉತ್ತರಕ್ಕೆ ಸರಿದು ಹೋಗಿ ಗುಜರಾತಿಗೆ ಬಡಿಯಿತು. ದೂರದಿಂದ ಹಾದು ಹೋದದ್ದಕ್ಕೇ ನಿಮ್ಮ ಕೇರಿಯಲ್ಲಿ ಏಳು ಕಂಬ ಬಿದ್ದವು. ಮರಿಯಾದ ಕಣ್ಣು, ಅಂದರೆ ಸುಳಿಯ ನಡುಭಾಗ, ಪೋರ್ಟೊ ರಿಕೊದ ಆಗ್ನೇಯ ಮೂಲೆಯ ಯಾಬುಕೋವಾ ಊರಿನಲ್ಲಿ ನೆಲಕ್ಕೆ ಬಂದು, ದ್ವೀಪದ ಮೇಲೆ ಓರೆಯಾಗಿ ಸಾಗಿ, ವಾಯವ್ಯದ ಕಡೆ ಹೊರಗೆ ಹೋಯಿತು. ನೆಲಕ್ಕೆ ಬಂದಾಗ ಗಾಳಿಯ ವೇಗ ಗಂಟೆಗೆ 250 ಕಿಲೋಮೀಟರ್. ವೇಗ ಎರಡು ಪಟ್ಟಾದರೆ ಕಂಬದ ಮೇಲಿನ ಒತ್ತಡ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಇದನ್ನು ಮನಸ್ಸಿನಲ್ಲಿಡಿ.

ಇನ್ನು ಆ ದ್ವೀಪದ ರಚನೆ. ಅದು ನಿಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ಸ್ವಲ್ಪ ಚಿಕ್ಕದು. ಸುಮಾರು 33 ಲಕ್ಷ ಜನ. ನಡುವೆ ಉದ್ದಕ್ಕೂ ಬೆಟ್ಟಸಾಲು. ದೊಡ್ಡ ವಿದ್ಯುತ್ ಸ್ಥಾವರಗಳು ಹೆಚ್ಚಿನವು ದಕ್ಷಿಣದ ತೀರದಲ್ಲಿ, ಕರೆಂಟ್ ಉರಿಸುವ ಜನ ಹೆಚ್ಚಿನವರು ಉತ್ತರದ ಸಾನ್ ಹ್ವಾನ್ ನಗರದ ಸುತ್ತ. ಅಂದರೆ ಕರೆಂಟ್ ಬೆಟ್ಟ ಹತ್ತಿ ಇಳಿದೇ ಬರಬೇಕು. ನಮ್ಮ ಘಟ್ಟದ ಲೈನ್‌ಗಳಲ್ಲಿ ಕೆಲಸ ಮಾಡಿದವರಿಗೆ ಇದು ಎಂಥ ಕಷ್ಟ ಎಂದು ವಿವರಿಸಬೇಕಾಗಿಲ್ಲ. ಆ ಬೆಟ್ಟದ ಟವರ್‌ಗಳು ಬಿದ್ದವು. ದಾರಿಗಳು ಕುಸಿದವು. ಹಲವು ಕಡೆ ಕಂಬವನ್ನು ಹೆಲಿಕಾಪ್ಟರ್‌ನಲ್ಲಿ ತೂಗುಹಾಕಿ ತಂದು ನಿಲ್ಲಿಸಬೇಕಾಯಿತು.

ಕುಮಟಾದಲ್ಲಿ ಕಂಬ ಬಿದ್ದರೆ ಶಿರಸಿಯಿಂದಲೋ ಶಿವಮೊಗ್ಗದಿಂದಲೋ ಗ್ಯಾಂಗ್ ಬರುತ್ತದೆ, ಲಾರಿಯಲ್ಲಿ ಕಂಬ ಬರುತ್ತದೆ, ಬೆನ್ನ ಹಿಂದೆ ಇಡೀ ದೇಶದ ಗ್ರಿಡ್, ಅಂದರೆ ವಿದ್ಯುತ್ ಜಾಲ, ನಿಂತಿರುತ್ತದೆ. ಅಲ್ಲಿ ಸುತ್ತ ಸಮುದ್ರ. ಪಕ್ಕದ ಊರು ಎಂಬುದೇ ಇಲ್ಲ. ಮಯಾಮಿಯಿಂದ ಸುಮಾರು 1,600 ಕಿಲೋಮೀಟರ್ ದೂರ. ಹತ್ತಾರು ಸಾವಿರ ಕಂಬ, ಸಾವಿರಾರು ಕಿಲೋಮೀಟರ್ ತಂತಿ, ಟ್ರಾನ್ಸ್‌ಫಾರ್ಮರ್, ಲೈನ್‌ಮನ್‌ನನ್ನು ಮೇಲೆತ್ತುವ ಬಕೆಟ್ ಲಾರಿ, ಎಲ್ಲವೂ ಹಡಗಿನಲ್ಲೇ ಬರಬೇಕು. ಅದೇ ವರ್ಷ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಟೆಕ್ಸಾಸಿಗೆ, ಸೆಪ್ಟೆಂಬರ್‌ನಲ್ಲಿ ಇರ್ಮಾ ಫ್ಲಾರಿಡಾಕ್ಕೆ ಬಡಿದಿದ್ದರಿಂದ ಸಾಮಾನು, ಜನ ಎರಡೂ ಅತ್ತ ಹೋಗಿದ್ದವು. ಇರ್ಮಾ ಪೋರ್ಟೊ ರಿಕೊದ ಉತ್ತರಕ್ಕೆ ಹಾದು ಹೋಗುವಾಗಲೇ ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರ ಕರೆಂಟ್ ಕಿತ್ತುಕೊಂಡಿತ್ತು. ಅದನ್ನು ಸರಿಮಾಡಿ ಮುಗಿಯುವ ಮೊದಲೇ, ಎರಡೇ ವಾರದಲ್ಲಿ ಮರಿಯಾ ಬಂತು.

ಇಷ್ಟೆಲ್ಲ ಗಾಳಿಯ ಮತ್ತು ಸಮುದ್ರದ ಲೆಕ್ಕ. ಆದರೆ ಹನ್ನೊಂದು ತಿಂಗಳಿಗೆ ಇದೊಂದೇ ಕಾರಣ ಎಂದು ನಾನು ಒಪ್ಪುವುದಿಲ್ಲ. ಅಲ್ಲಿನ ಸರ್ಕಾರಿ ವಿದ್ಯುತ್ ಸಂಸ್ಥೆ ಪ್ರೆಪಾ ಮರಿಯಾ ಬರುವುದಕ್ಕೆ ಎರಡು ತಿಂಗಳು ಮೊದಲೇ, 2017ರ ಜುಲೈನಲ್ಲಿ, ದಿವಾಳಿ ಅರ್ಜಿ ಹಾಕಿತ್ತು. ಸಾಲ ಸುಮಾರು 900 ಕೋಟಿ ಡಾಲರ್. ಸ್ಥಾವರಗಳಿಗೆ ನಲವತ್ತು ವರ್ಷ ದಾಟಿತ್ತು. ಹಳೇ ಅನುಭವಿ ಕೆಲಸಗಾರರು ಎಷ್ಟೋ ಮಂದಿ ಬಿಟ್ಟು ಹೋಗಿದ್ದರು. ಲೈನ್ ಕೆಳಗಿನ ಮರ, ಬಳ್ಳಿ ಕಡಿಯುವುದಕ್ಕೂ ದುಡ್ಡಿರಲಿಲ್ಲ. ನಮ್ಮಲ್ಲಿ ಮಳೆಗಾಲಕ್ಕೆ ಮೊದಲು ಕೊಂಬೆ ಕಡಿಯಲು ಬಂದಾಗ ಜನ ಬೈಯುತ್ತಾರೆ, ಅಲ್ವಾ? ಒಂದು ವರ್ಷ ಅದನ್ನು ಬಿಟ್ಟು ನೋಡಿ ಗೊತ್ತಾಗುತ್ತದೆ. ಗಾಳಿ ಬರುವ ಮೊದಲೇ ಆ ಗ್ರಿಡ್ ಅರ್ಧ ಬಿದ್ದಿತ್ತು ಎಂದೇ ನಾನು ಹೇಳುತ್ತೇನೆ.

ಬಿದ್ದ ಮೇಲೂ ತಪ್ಪುಗಳಾದವು. ಅಮೆರಿಕದಲ್ಲಿ ಒಂದು ರಾಜ್ಯಕ್ಕೆ ಚಂಡಮಾರುತ ಬಡಿದರೆ ಬೇರೆ ರಾಜ್ಯಗಳ ವಿದ್ಯುತ್ ಕಂಪನಿಗಳು ಲೈನ್‌ಮನ್‌ಗಳನ್ನು ಕಳಿಸುವ ಒಪ್ಪಂದವಿದೆ. ಪ್ರೆಪಾ ಅದನ್ನು ತಕ್ಷಣ ಕೇಳಲಿಲ್ಲ. ಅದರ ಬದಲು ವೈಟ್‌ಫಿಶ್ ಎಂಬ ಮೊಂಟಾನಾದ ಪುಟ್ಟ ಕಂಪನಿಗೆ 30 ಕೋಟಿ ಡಾಲರ್ ಗುತ್ತಿಗೆ ಕೊಟ್ಟಿತು. ಮರಿಯಾ ಬಂದ ದಿನ ಆ ಕಂಪನಿಯಲ್ಲಿ ಪೂರ್ಣಾವಧಿಯ ಕೆಲಸಗಾರರು ಇದ್ದದ್ದು ಇಬ್ಬರು. ಗಲಾಟೆಯಾಗಿ ಅಕ್ಟೋಬರ್ ಕೊನೆಗೆ ಗುತ್ತಿಗೆ ರದ್ದಾಯಿತು, ನವೆಂಬರ್‌ನಲ್ಲಿ ಸಂಸ್ಥೆಯ ಮುಖ್ಯಸ್ಥ ರಿಕಾರ್ಡೊ ರಾಮೋಸ್ ರಾಜೀನಾಮೆ ಕೊಟ್ಟರು. ಅಷ್ಟರಲ್ಲಿ ಅಮೂಲ್ಯವಾದ ವಾರಗಳು ಹೋದವು. ಕತ್ತಲಲ್ಲಿ ಕೂತವರಿಗೆ ಒಂದು ವಾರ ಅಂದರೆ ಎಷ್ಟು ಉದ್ದ ಎಂದು ನಿಮಗೆ ಗೊತ್ತು, ನೀವು ನಾಲ್ಕು ದಿನ ಕಂಡವರು.

ಪ್ರಶ್ನೆ: ಮಗಳು ಫ್ಲಾರಿಡಾದ ಟ್ಯಾಂಪಾದಲ್ಲಿದ್ದಾಳೆ. ಚಂಡಮಾರುತ ಬಂದಾಗಲೆಲ್ಲ ಟಿವಿಯಲ್ಲಿ ಒಂದು ಬಿಳಿ ಕೊಂಬಿನಂಥ ಚಿತ್ರ ತೋರಿಸುತ್ತಾರೆ. ಅವಳ ಊರು ಅದರ ಹೊರಗಿದ್ದರೆ ನಾವು ನಿಶ್ಚಿಂತೆಯಿಂದ ಇರಬಹುದೇ? (ತಾಯಿ, ದಾವಣಗೆರೆ)

ಇಲ್ಲಮ್ಮ, ಇರಬಾರದು. ಚೆನ್ನಾಗಿ ಓದಿಕೊಂಡವರೂ ಈ ಚಿತ್ರವನ್ನು ತಪ್ಪು ತಿಳಿಯುತ್ತಾರೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆ ಚಿತ್ರ ಹೊರಡಿಸುವುದು ಮಯಾಮಿಯಲ್ಲಿರುವ ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರ. ಅದು ಹೇಳುವುದು ಒಂದೇ ವಿಷಯ: ಮುಂದಿನ ಐದು ದಿನಗಳಲ್ಲಿ ಚಂಡಮಾರುತದ ನಡುಭಾಗ ಎಲ್ಲೆಲ್ಲಿ ಹೋಗಬಹುದು. ನಡುಭಾಗ ಮಾತ್ರ. ಗಾಳಿ ಎಷ್ಟು ಅಗಲ, ಮಳೆ ಎಲ್ಲಿ, ಕಡಲು ಎಲ್ಲಿ ಉಕ್ಕುತ್ತದೆ, ಇದ್ಯಾವುದೂ ಅದರಲ್ಲಿಲ್ಲ. ಕೊಂಬು ಮುಂದಕ್ಕೆ ಹೋದಂತೆ ಅಗಲವಾಗುವುದು ಚಂಡಮಾರುತ ದೊಡ್ಡದಾಗುತ್ತದೆ ಎಂದಲ್ಲ. ದಿನ ಮುಂದೆ ಹೋದಂತೆ ಅಂದಾಜು ತಪ್ಪುವುದು ಜಾಸ್ತಿ ಎಂದು. ಹಿಂದಿನ ಐದು ವರ್ಷಗಳಲ್ಲಿ ಕೇಂದ್ರದ ಅಂದಾಜು ಎಷ್ಟೆಷ್ಟು ತಪ್ಪಿತ್ತು ಎಂದು ನೋಡಿ ಅದರ ಅಗಲ ನಿಗದಿ ಮಾಡುತ್ತಾರೆ, ಮೂರರಲ್ಲಿ ಎರಡು ಸಲ ನಡುಭಾಗ ಅದರೊಳಗೆ ಇರುವಂತೆ. ಮೂರರಲ್ಲಿ ಒಂದು ಸಲ ಹೊರಗೂ ಹೋಗುತ್ತದೆ ಎಂದಾಯಿತಲ್ಲ?

ನಿಮ್ಮ ಮಗಳ ಊರಿನದ್ದೇ ಎರಡು ಉದಾಹರಣೆ. 2022ರ ಸೆಪ್ಟೆಂಬರ್‌ನಲ್ಲಿ ಇಯಾನ್ ಬರುವಾಗ ಆ ಕೊಂಬಿನ ನಡುಗೆರೆ ಟ್ಯಾಂಪಾ ಕಡೆಗೇ ತೋರಿಸುತ್ತಿತ್ತು, ಎಲ್ಲರ ಕಣ್ಣೂ ಅಲ್ಲೇ ಇತ್ತು. ಬಡಿದದ್ದು ಅಲ್ಲಿಂದ ಬಹಳ ದಕ್ಷಿಣಕ್ಕಿರುವ ಫೋರ್ಟ್ ಮೈಯರ್ಸ್ ಹತ್ತಿರ. ಚಂಡಮಾರುತ ಆ ತೀರಕ್ಕೆ ಓರೆಯಾಗಿ ಬರುತ್ತಿತ್ತು, ದಾರಿ ಒಂದು ಚೂರು ತಿರುಗಿದರೆ ತಾಗುವ ಜಾಗ ಎಷ್ಟೋ ಕಿಲೋಮೀಟರ್ ಬದಲಾಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಬಂದಾಗ ಇದಕ್ಕೆ ಉಲ್ಟಾ ಆಯಿತು. ಅದರ ನಡುಭಾಗ ಟ್ಯಾಂಪಾದಿಂದ ನೂರು ಕಿಲೋಮೀಟರಿಗೂ ಜಾಸ್ತಿ ದೂರ ಕಡಲಲ್ಲೇ ಹಾದು ಹೋಯಿತು, ಆದರೂ ಟ್ಯಾಂಪಾ ಕೊಲ್ಲಿಯ ನೀರು ಉಕ್ಕಿ ಮನೆಗಳೊಳಗೆ ಬಂತು.

ಮಗಳಿಗೆ ಫೋನ್ ಮಾಡಿದಾಗ ಕೊಂಬಿನ ಬಗ್ಗೆ ಕೇಳಬೇಡಿ. ಅವಳ ಮನೆ ಯಾವ ತೆರವು ವಲಯದಲ್ಲಿದೆ ಎಂದು ಕೇಳಿ. ಅಲ್ಲಿ ಕಡಲು ಉಕ್ಕಿದರೆ ಮುಳುಗಬಹುದಾದ ಜಾಗಗಳಿಗೆ ಒಂದೊಂದು ಅಕ್ಷರದ ವಲಯ ಇರುತ್ತದೆ. ಆ ವಲಯ ಬಿಡಿ ಎಂದು ಆಡಳಿತ ಹೇಳಿದರೆ ಬಿಡಬೇಕು, ಆಕಾಶ ಎಷ್ಟೇ ಶುಭ್ರವಾಗಿರಲಿ. ಇನ್ನೊಂದು, ನಿಮ್ಮ ನಿದ್ದೆಗಾಗಿ: ಕೇಂದ್ರ ಆರು ಗಂಟೆಗೊಮ್ಮೆ ಪೂರ್ಣ ಪ್ರಕಟಣೆ ಕೊಡುತ್ತದೆ. ಚಂಡಮಾರುತದ ಕಾಲದಲ್ಲಿ ಅದು ನಮ್ಮ ಗಡಿಯಾರಕ್ಕೆ ಬೆಳಿಗ್ಗೆ ಎಂಟೂವರೆ, ಮಧ್ಯಾಹ್ನ ಎರಡೂವರೆ, ರಾತ್ರಿ ಎಂಟೂವರೆ, ರಾತ್ರಿ ಎರಡೂವರೆ. ರಾತ್ರಿ ಎಂಟೂವರೆಯದ್ದು ನೋಡಿ ಮಲಗಿ, ಬೆಳಿಗ್ಗೆಯದ್ದು ಎದ್ದು ನೋಡಿ. ನಡುವೆ ಸುಮ್ನೆ ಟಿವಿ ಮುಂದೆ ಕೂತು ಸಂಕಟಪಡಬೇಡಿ.

ಪ್ರಶ್ನೆ: ಹರಿಕೇನ್, ಟೈಫೂನ್, ಸೈಕ್ಲೋನ್, ಇವು ಬೇರೆ ಬೇರೆಯೇ? (ಚಿತ್ರದುರ್ಗ)

ಒಂದೇ. ಅಟ್ಲಾಂಟಿಕ್‌ನಲ್ಲಿ ಹರಿಕೇನ್, ಜಪಾನ್, ಫಿಲಿಪ್ಪೀನ್ಸ್ ಕಡೆ ಟೈಫೂನ್, ನಮ್ಮಲ್ಲಿ ಸೈಕ್ಲೋನ್. ಹರಿಕೇನ್ ಎಂಬ ಮಾತು ಪೋರ್ಟೊ ರಿಕೊ ಮತ್ತು ಸುತ್ತಲ ದ್ವೀಪಗಳ ಮೂಲದವರಾದ ತಾಯಿನೊ ಜನರ ನುಡಿಯಿಂದ ಸ್ಪ್ಯಾನಿಷ್‌ಗೆ, ಅಲ್ಲಿಂದ ಇಂಗ್ಲಿಷ್‌ಗೆ ಬಂದದ್ದು. ತೌಕ್ತೆ ಮ್ಯಾನ್ಮಾರ್ ಕೊಟ್ಟ ಹೆಸರು, ಅದರ ಅರ್ಥ ಒಂದು ಜಾತಿಯ ಹಲ್ಲಿ.

ಪ್ರಶ್ನೆ: ಚಂಡಮಾರುತದೊಳಗೆ ವಿಮಾನ ಹೋಗುತ್ತದೆ ಎಂದು ನಮ್ಮ ಮೇಷ್ಟ್ರು ಹೇಳಿದರು. ಉಪಗ್ರಹ ಇರುವಾಗ ಯಾಕೆ ಹೋಗಬೇಕು? (ಒಂಬತ್ತನೇ ತರಗತಿ, ಮೈಸೂರು)

ನಿನ್ನ ಮೇಷ್ಟ್ರು ಹೇಳಿದ್ದು ನಿಜ, ಮರಿ. ಅಮೆರಿಕದ ವಾಯುಪಡೆಯ ಒಂದು ತುಕಡಿಯ ಕೆಲಸವೇ ಅದು. ಉಪಗ್ರಹಕ್ಕೆ ಮೇಲಿನಿಂದ ಮೋಡದ ನೆತ್ತಿ ಕಾಣುತ್ತದೆ. ಕೆಳಗೆ ಸಮುದ್ರದ ಮೇಲೆ ಗಾಳಿ ಎಷ್ಟು, ಕಣ್ಣಿನ ನಡುವೆ ಒತ್ತಡ ಎಷ್ಟು ಇಳಿದಿದೆ ಎಂಬುದು ಸರಿಯಾಗಿ ಬೇಕಾದರೆ ಒಳಗೇ ಹೋಗಬೇಕು. ವಿಮಾನ ಕಣ್ಣಿನ ಮೂಲಕ ಹಾದು, ಡ್ರಾಪ್‌ಸಾಂಡ್ ಎಂಬ ಕೊಳವೆಯಂಥ ಉಪಕರಣವನ್ನು ಕೆಳಗೆ ಬಿಡುತ್ತದೆ. ಅದು ಪುಟ್ಟ ಪ್ಯಾರಾಚೂಟ್ ಕಟ್ಟಿಕೊಂಡು ಸಮುದ್ರಕ್ಕೆ ಬೀಳುವಷ್ಟರಲ್ಲಿ ಗಾಳಿ, ಬಿಸಿ, ತೇವ, ಒತ್ತಡ ಎಲ್ಲ ಅಳೆದು ಕಳಿಸುತ್ತದೆ.

ಇದರ ಬೆಲೆ ಮರಿಯಾದಲ್ಲಿ ಗೊತ್ತಾಯಿತು. ಹೆಚ್ಚುಕಮ್ಮಿ ಒಂದೇ ದಿನದಲ್ಲಿ ಅದು ಗಾಳಿಯ ಬಲದ ಐದು ದರ್ಜೆಗಳಲ್ಲಿ ಒಂದನೆಯದರಿಂದ ಐದನೆಯದಕ್ಕೆ ಏರಿ ಸೆಪ್ಟೆಂಬರ್ 18ರ ರಾತ್ರಿ ಡೊಮಿನಿಕಾ ದ್ವೀಪವನ್ನು ಹಾಳುಮಾಡಿತು. ಚಂಡಮಾರುತದ ದಾರಿ ಹೇಳುವುದು ಈಗ ಎಷ್ಟೋ ಸುಧಾರಿಸಿದೆ, ಅದು ಹೀಗೆ ಏಕಾಏಕಿ ಬಲ ಹೆಚ್ಚಿಸಿಕೊಳ್ಳುವುದನ್ನು ಮುಂಚೆಯೇ ಹೇಳುವುದು ಇವತ್ತಿಗೂ ಕಷ್ಟ, ಹಾಗಾಗಿ ಒಳಗೆ ಹೋಗಿ ಅಳೆಯಲೇಬೇಕು. ನೆಲದ ಮೇಲಿನ ಉಪಕರಣವನ್ನೂ ನಂಬಿ ಕೂರುವಂತಿಲ್ಲ. ಪೋರ್ಟೊ ರಿಕೊದ ಕಾಯೇ ಬೆಟ್ಟದ ಮೇಲಿದ್ದ ಹವಾಮಾನ ರೇಡಾರನ್ನೇ ಮರಿಯಾ ಮುರಿದು ಹಾಕಿತು. ಹೊಸದು ಕೆಲಸ ಶುರು ಮಾಡಿದ್ದು ಮರು ವರ್ಷದ ಜೂನ್‌ನಲ್ಲಿ.

ಪ್ರಶ್ನೆ: ನಾನು ಪವರ್‌ಮ್ಯಾನ್. ಇಡೀ ದ್ವೀಪ ಒಟ್ಟಿಗೆ ಕತ್ತಲಾದರೆ ಎಲ್ಲಿಂದ ಶುರು ಮಾಡುತ್ತಾರೆ? (ಸಾಗರ ತಾಲೂಕು)

ನಿಮ್ಮ ಪತ್ರ ಎರಡು ಸಲ ಓದಿದೆ. ಈ ಪ್ರಶ್ನೆ ಕೇಳುವವರು ಕಡಿಮೆ.

ನಮಗೆ ಒಂದು ಫೀಡರ್, ಅಂದರೆ ಸಬ್‌ಸ್ಟೇಷನ್‌ನಿಂದ ಊರಿಗೆ ಕರೆಂಟ್ ಒಯ್ಯುವ ಲೈನ್, ಹೋದರೆ ಪಕ್ಕದ ಫೀಡರ್‌ನಿಂದ ಎಳೆದುಕೊಳ್ಳುತ್ತೇವೆ. ಎಲ್ಲವೂ ಸತ್ತಾಗ ಎಳೆದುಕೊಳ್ಳಲು ಏನೂ ಇಲ್ಲ. ದೊಡ್ಡ ಸ್ಥಾವರ ಶುರುವಾಗಲು ಅದಕ್ಕೇ ಕರೆಂಟ್ ಬೇಕು, ಪಂಪ್ ಓಡಬೇಕು, ಫ್ಯಾನ್ ತಿರುಗಬೇಕು. ಹಾಗಾಗಿ ಮೊದಲು ಹೊರಗಿನ ಕರೆಂಟ್ ಇಲ್ಲದೆ ಏಳಬಲ್ಲ ಸಣ್ಣ ಗ್ಯಾಸ್ ಟರ್ಬೈನನ್ನೋ ಜಲವಿದ್ಯುತ್ ಘಟಕವನ್ನೋ ಎಬ್ಬಿಸುತ್ತಾರೆ. ಅದರಿಂದ ಒಂದು ಲೈನ್, ಆ ಲೈನಿಂದ ದೊಡ್ಡ ಸ್ಥಾವರ. ಒಂದು ಕಡ್ಡಿಯಿಂದ ಒಲೆ ಹೊತ್ತಿಸಿದ ಹಾಗೆ. ಪ್ರತಿ ಹೆಜ್ಜೆಗೂ ಅಷ್ಟಷ್ಟೇ ಲೋಡ್, ಅಂದರೆ ಕರೆಂಟ್ ಬಳಸುವ ಮನೆ, ಅಂಗಡಿ, ಸೇರಿಸಬೇಕು. ಫ್ರೀಕ್ವೆನ್ಸಿ, ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಆವರ್ತನೆ ಮಾಡುತ್ತದೆ ಎಂಬುದು, ಅಲ್ಲಿ 60, ನಮ್ಮಲ್ಲಿ 50. ಲೋಡ್ ಒಮ್ಮೆಲೇ ಜಾಸ್ತಿಯಾಗಿ ಫ್ರೀಕ್ವೆನ್ಸಿ ಕುಸಿದರೆ ಮಷೀನ್ ಟ್ರಿಪ್ ಆಗಿ ತಾನಾಗಿ ನಿಲ್ಲುತ್ತದೆ, ಮತ್ತೆ ಮೊದಲಿನಿಂದ. ನೆರೆಯ ಗ್ರಿಡ್‌ನ ಆಸರೆ ಇರುವ ನಮಗೆ ಈ ಭಯ ಕಡಿಮೆ, ದ್ವೀಪಕ್ಕೆ ಯಾವಾಗಲೂ ಇದೆ. 2018ರ ಏಪ್ರಿಲ್ 18ರಂದು, ಬಿದ್ದ ಟವರ್ ತೆಗೆಯುತ್ತಿದ್ದ ಅಗೆಯುವ ಯಂತ್ರವೊಂದು ಒಂದು ದೊಡ್ಡ ಲೈನಿಗೆ ತೀರಾ ಹತ್ತಿರ ಹೋದದ್ದಕ್ಕೆ, ಏಳು ತಿಂಗಳ ಬೆವರಿನ ನಂತರ, ಇಡೀ ದ್ವೀಪ ಮತ್ತೆ ಕತ್ತಲಾಯಿತು. ಅವತ್ತು ಅಲ್ಲಿದ್ದ ಲೈನ್‌ಮನ್‌ಗಳ ಮನಸ್ಸು ಹೇಗಾಗಿರಬಹುದು ಎಂದು ನಿಮಗೆ ನಾನು ಹೇಳಬೇಕಿಲ್ಲ.

ಆಮೇಲೆ ಕ್ರಮ ನಿಮಗೆ ಗೊತ್ತಿರುವುದೇ. 230 ಮತ್ತು 115 ಕೆವಿ (ಸಾವಿರ ವೋಲ್ಟ್) ಲೈನ್, ನಂತರ 38 ಕೆವಿ, ಸಬ್‌ಸ್ಟೇಷನ್, ಆಸ್ಪತ್ರೆ ಮತ್ತು ಕುಡಿಯುವ ನೀರಿನ ಪಂಪ್, ಆಮೇಲೆ ಊರ ಫೀಡರ್‌ಗಳು, ಕೊನೆಗೆ ಮನೆಯ ಸರ್ವಿಸ್ ವೈರ್. ಜಾಸ್ತಿ ದಿನ ಕತ್ತಲಿದ್ದ ಫೀಡರ್ ಚಾರ್ಜ್ ಮಾಡಿದರೆ ಎಲ್ಲರ ಫ್ರಿಜ್, ಪಂಪ್ ಒಟ್ಟಿಗೆ ಎಳೆಯುತ್ತವೆ, ತಕ್ಷಣ ಟ್ರಿಪ್ ಆಗುತ್ತದೆ. ಕರೆಂಟ್ ಬಂತು, ಹೋಯಿತು ಎಂದು ಜನ ಬೈಯುವುದು ಇದಕ್ಕೇ. ಬೆಟ್ಟದ ಹಳ್ಳಿಗಳು ಕೊನೆಗೆ ಉಳಿದವು. ಒಂದು ಗ್ಯಾಂಗ್ ಒಂದು ದಿನದಲ್ಲಿ ಪೇಟೆಯಲ್ಲಿ ಐನೂರು ಮನೆಗೆ ಕೊಡಬಹುದು, ಬೆಟ್ಟದಲ್ಲಿ ಐದು. ಲೆಕ್ಕ ಸರಿ. ಆದರೆ ಆ ಐದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದರೆ ಆ ಲೆಕ್ಕ ಕ್ರೂರ. ಅಂಥ ಮನೆಗಳ ಪಟ್ಟಿ ಗಾಳಿ ಬರುವ ಮೊದಲೇ ಸೆಕ್ಷನ್ ಆಫೀಸಿನಲ್ಲಿ ಇರಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ನೀವೇ ಬರೆಯಲು ಶುರು ಮಾಡಿ.

ಒಂದು ಎಚ್ಚರ, ಓದುಗರೆಲ್ಲರಿಗೂ. ಮನೆಯನ್ನು ಲೈನಿನಿಂದ ಬಿಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ಮನೆಯ ವೈರಿಂಗಿಗೆ ಸಿಕ್ಕಿಸಬೇಡಿ. ಆ ಕರೆಂಟ್ ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್ ಸೇರಿದರೆ ಆಚೆ ಕಡೆ 11 ಸಾವಿರ ವೋಲ್ಟ್ ಆಗುತ್ತದೆ. ನನ್ನ ಜೊತೆಗಾರರೊಬ್ಬರು ಲೈನ್ ಬಂದ್ ಇದೆ ಎಂದು ಕಂಬ ಹತ್ತಿದ್ದರು, ಒಂದು ಮದುವೆ ಛತ್ರದ ಜನರೇಟರ್ ಓಡುತ್ತಿತ್ತು. ಎರಡೂ ಕಡೆ ಅರ್ಥ್ ರಾಡ್ ಹಾಕಿ ತಂತಿಯನ್ನು ನೆಲಕ್ಕೆ ಜೋಡಿಸಿದ್ದರಿಂದ ಬದುಕಿದರು. ಮೂವತ್ತು ವರ್ಷದಲ್ಲಿ ನಾನು ಅಷ್ಟು ಹೆದರಿದ ದಿನ ಇನ್ನೊಂದಿಲ್ಲ.

ಪ್ರಶ್ನೆ: ಮರಿಯಾದಲ್ಲಿ ಸತ್ತವರು 64 ಎಂದು ಒಂದು ಕಡೆ, 2,975 ಎಂದು ಇನ್ನೊಂದು ಕಡೆ ಓದಿದೆ. ಯಾವುದು ನಿಜ? (ಉಪನ್ಯಾಸಕಿ, ಹಾಸನ)

64 ಎಂಬುದು ಪೋರ್ಟೊ ರಿಕೊ ಸರ್ಕಾರ ಮೊದಲು ತಿಂಗಳುಗಟ್ಟಲೆ ಹೇಳಿದ ಸಂಖ್ಯೆ. ಮರಣಪತ್ರದಲ್ಲಿ ಚಂಡಮಾರುತ ಎಂದು ಬರೆದವರನ್ನಷ್ಟೇ ಎಣಿಸಿದ್ದು. 2018ರ ಆಗಸ್ಟ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಬೇರೆ ರೀತಿ ಲೆಕ್ಕ ಹಾಕಿದರು. 2017ರ ಸೆಪ್ಟೆಂಬರ್‌ನಿಂದ 2018ರ ಫೆಬ್ರವರಿವರೆಗೆ ಸಾಮಾನ್ಯವಾಗಿ ಎಷ್ಟು ಜನ ಸಾಯಬೇಕಿತ್ತು, ಎಷ್ಟು ಜನ ಸತ್ತರು ಎಂದು ನೋಡಿದರು. ಹೆಚ್ಚಿಗೆ ಸತ್ತವರು 2,975 ಎಂದು ಬಂತು. ಸರ್ಕಾರ ಅದನ್ನೇ ಅಧಿಕೃತ ಸಂಖ್ಯೆ ಎಂದು ಒಪ್ಪಿಕೊಂಡಿತು.

ನನ್ನ ಮಟ್ಟಿಗೆ ಎರಡನೆಯದೇ ನಿಜ. ಡಯಾಲಿಸಿಸ್ ತಪ್ಪಿದವರು, ಫ್ರಿಜ್ ಇಲ್ಲದೆ ಇನ್ಸುಲಿನ್ ಕೆಟ್ಟವರು, ಉಸಿರಿನ ಯಂತ್ರ ನಿಂತವರು, ಆಂಬುಲೆನ್ಸಿಗೆ ಫೋನ್ ತಾಗದವರು, ಇವರ ಮರಣಪತ್ರದಲ್ಲಿ ಕಿಡ್ನಿ, ಸಕ್ಕರೆ ಕಾಯಿಲೆ, ಹೃದಯ ಎಂದೇ ಬರೆದಿರುತ್ತದೆ. ಬಡವರು, ಮುದುಕರು ಜಾಸ್ತಿ ಸತ್ತರು. ಗಾಳಿ ಒಂದು ದಿನಕ್ಕೆ ಮುಗಿದಿತ್ತು. ಇವರಲ್ಲಿ ಹೆಚ್ಚಿನವರನ್ನು ಕೊಂದದ್ದು ಆಮೇಲಿನ ಕತ್ತಲು. ಅದಕ್ಕೇ ನಾನು ಕರೆಂಟ್ ಬೇಗ ತರುವ ಕೆಲಸವನ್ನು ಬರೀ ಕಂಬ, ತಂತಿಯ ಕೆಲಸ ಎಂದು ಯಾವತ್ತೂ ನೋಡಿಲ್ಲ.

ಪ್ರಶ್ನೆ: ಎಲ್ಲ ತಂತಿಯನ್ನೂ ನೆಲದಡಿ ಹಾಕಿದರೆ ಮುಗಿಯಿತಲ್ಲ? (ಬೆಂಗಳೂರು)

ಖರ್ಚು ಹಲವು ಪಟ್ಟು. ಪೋರ್ಟೊ ರಿಕೊದಲ್ಲಿ ಮನೆಗಳಿಗೆ ಹೋಗುವ ಲೈನ್‌ಗಳೇ ಸುಮಾರು 48 ಸಾವಿರ ಕಿಲೋಮೀಟರ್. ಬೆಟ್ಟದ ಬಂಡೆ ಕೊರೆಯಬೇಕು, ಕಡಲ ಬದಿಯಲ್ಲಿ ಉಪ್ಪುನೀರು ನುಗ್ಗುತ್ತದೆ, ಎಲ್ಲಿ ಕೆಟ್ಟಿದೆ ಎಂದು ಹುಡುಕುವುದಕ್ಕೇ ದಿನ ಬೇಕು. ಆಸ್ಪತ್ರೆ, ನೀರಿನ ಪಂಪ್‌ಗಳ ಫೀಡರ್ ನೆಲದಡಿ ಹಾಕಿ, ಉಳಿದ ಕಡೆ ಗಟ್ಟಿ ಕಂಬ ನೆಟ್ಟು, ಮರ ಕಡಿಯುತ್ತಿದ್ದರೆ ಅದೇ ಒಳ್ಳೆಯದು.

ಪ್ರಶ್ನೆ: ಮನೆ ಮೇಲೆ ಸೋಲಾರ್ ಹಾಕಿಸುತ್ತಿದ್ದೇವೆ. ತಂದೆಯವರು ರಾತ್ರಿ ಆಕ್ಸಿಜನ್ ಯಂತ್ರದ ಮೇಲಿರುತ್ತಾರೆ. ಇನ್ನು ಗಾಳಿಮಳೆಗೆ ಕರೆಂಟ್ ಹೋದರೂ ಚಿಂತೆಯಿಲ್ಲ ಅಲ್ವಾ? (ಉಡುಪಿ ಜಿಲ್ಲೆ)

ದಯವಿಟ್ಟು ಇದನ್ನು ಗಮನವಿಟ್ಟು ಓದಿ. ನೀವು ಹಾಕಿಸುತ್ತಿರುವುದು ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್ ಆಗಿದ್ದರೆ, ಲೈನಿನ ಕರೆಂಟ್ ಹೋದ ಕೂಡಲೇ ಅದೂ ನಿಲ್ಲುತ್ತದೆ. ಬಿಸಿಲು ಉರಿಯುತ್ತಿದ್ದರೂ ನಿಲ್ಲುತ್ತದೆ. ಲೈನ್ ಮೇಲಿರುವವರಿಗೆ ಶಾಕ್ ಹೊಡೆಯಬಾರದು ಎಂದು ಹಾಗೆ ಮಾಡಿರುತ್ತಾರೆ. ಬ್ಯಾಟರಿ ಮತ್ತು ಹೈಬ್ರಿಡ್ ಇನ್ವರ್ಟರ್ ಇದ್ದರೆ ಮಾತ್ರ ನಿಮ್ಮ ಮನೆ ಲೈನಿನಿಂದ ಬಿಡಿಸಿಕೊಂಡು ತಾನೇ ಓಡುತ್ತದೆ.

ಪೋರ್ಟೊ ರಿಕೊದ ಜನ ಇದನ್ನು ಕಷ್ಟದಲ್ಲಿ ಕಲಿತರು. ಅಹುಂತಾಸ್ ಎಂಬ ಬೆಟ್ಟದೂರಿನಲ್ಲಿ ಕಾಸಾ ಪ್ವೆಬ್ಲೊ ಎಂಬ ಊರವರದ್ದೇ ಸಂಸ್ಥೆಯಿದೆ. ಗಣಿಗಾರಿಕೆ ವಿರೋಧಿಸಲು 1980ರಲ್ಲಿ ಶುರುವಾದದ್ದು. ಮರಿಯಾ ಬಂದಾಗ ಅದರ ಮನೆ ಆಗಲೇ ಬಿಸಿಲಿನ ಕರೆಂಟಿನಲ್ಲಿ ಓಡುತ್ತಿತ್ತು. ಸುತ್ತ ಕತ್ತಲಾದಾಗ ಜನ ಉಸಿರಿನ ಯಂತ್ರ ಓಡಿಸಲು, ಔಷಧಿ ತಣ್ಣಗಿಡಲು, ಫೋನ್ ಚಾರ್ಜ್ ಮಾಡಲು ಅಲ್ಲಿಗೆ ಬಂದರು. 2023ರಲ್ಲಿ ಆ ಊರ ಪೇಟೆಯ ಹತ್ತಕ್ಕೂ ಹೆಚ್ಚು ಅಂಗಡಿಗಳು ಸೇರಿ ತಮ್ಮದೇ ಸಣ್ಣ ಗ್ರಿಡ್ ಮಾಡಿಕೊಂಡಿವೆ. ಈಗ ದ್ವೀಪದಲ್ಲಿ 1 ಲಕ್ಷಕ್ಕೂ ಹೆಚ್ಚು ಮನೆಗಳ ಮೇಲೆ ಸೋಲಾರ್ ಇದೆ, ಹೆಚ್ಚಿನವು ಬ್ಯಾಟರಿ ಸಮೇತ. ದೊಡ್ಡ ಗ್ರಿಡ್ ಇನ್ನೂ ಸುಧಾರಿಸಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಫಿಯೋನಾ ಬಂದಾಗ ಇಡೀ ದ್ವೀಪ ಕತ್ತಲಾಯಿತು, 2025ರ ಏಪ್ರಿಲ್ 16ರಂದು ಯಾವ ಚಂಡಮಾರುತವೂ ಇಲ್ಲದೆ ಕತ್ತಲಾಯಿತು. ಕೋಟಿಗಟ್ಟಲೆ ಡಾಲರ್ ಮಂಜೂರಾಗಿಯೂ ಹೀಗಿದೆ. ಮನೆಮನೆಯವರು ಕೈಲಾದದ್ದು ಮಾಡಿಕೊಂಡಿದ್ದಾರೆ, ಆದರೆ ಬ್ಯಾಟರಿ ಕೊಳ್ಳಲಾಗದವರು ಹಾಗೇ ಉಳಿದಿದ್ದಾರೆ ಎಂಬುದು ನನಗೆ ಸಂಕಟದ ವಿಷಯ.

ನಿಮ್ಮ ಮನೆಯ ಲೆಕ್ಕಕ್ಕೆ ಬರೋಣ. ನಿಮಿಷಕ್ಕೆ ಐದು ಲೀಟರಿನ ಆಕ್ಸಿಜನ್ ಯಂತ್ರ ಸಾಮಾನ್ಯವಾಗಿ 350 ವ್ಯಾಟ್ ಹತ್ತಿರ ಎಳೆಯುತ್ತದೆ. ಸರಿಯಾದದ್ದು ಯಂತ್ರದ ಹಿಂದೆ ಬರೆದಿರುತ್ತದೆ, ನೋಡಿ. ಹತ್ತು ಗಂಟೆಗೆ ಮೂರೂವರೆ ಯೂನಿಟ್. ಮನೆಯಲ್ಲಿರುವ 150 ಆಂಪಿಯರ್ ಅವರ್‌ನ ಒಂದು ಯುಪಿಎಸ್ ಬ್ಯಾಟರಿ ಇದನ್ನು ಮೂರು, ನಾಲ್ಕು ಗಂಟೆ ಓಡಿಸಬಹುದು ಅಷ್ಟೇ, ರಾತ್ರಿ ದಾಟಿಸುವುದಿಲ್ಲ. ಐದು ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ ಬೇಕು, ಮತ್ತು ಯಂತ್ರ, ಎರಡು ಲೈಟ್, ಒಂದು ಫ್ಯಾನ್, ಫೋನ್ ಇಷ್ಟನ್ನೇ ಬೇರೆ ವೈರಿಂಗಿಗೆ ಹಾಕಿಸಿ. ಗೀಸರ್, ಮಿಕ್ಸಿ, ನೀರಿನ ಪಂಪ್ ಅದಕ್ಕೆ ಸೇರಿಸಬೇಡಿ. ಸೋಲಾರಿನವರಿಗೆ ದುಡ್ಡು ಕೊಡುವ ಮೊದಲು ಮೇನ್ ಆಫ್ ಮಾಡಿ, ಯಂತ್ರ ಒಂದು ಗಂಟೆ ಓಡಿಸಿ ತೋರಿಸಲು ಹೇಳಿ. ಡಾಕ್ಟರ ಹತ್ತಿರ ನಿಮಿಷಕ್ಕೆ ಎಷ್ಟು ಲೀಟರ್ ಎಂದು ಬರೆಸಿಕೊಂಡು, ಒಂದು ತುಂಬಿದ ಸಿಲಿಂಡರ್ ಮೇ ತಿಂಗಳೊಳಗೆ ಮನೆಯಲ್ಲಿ ತಂದಿಡಿ.